ಮರದಡಿ ಮರಿಯಿಲ್ಲದ ಕಾಡು

ಭಾರತದ ಸ್ವಾಭಾವಿಕ ಸಸ್ಯವರ್ಗಗಳ ಪಟ್ಟಿ ಬಾಯಿಪಾಠ ಮಾಡುವ ಹೈಸ್ಕೂಲು ಮಕ್ಕಳನ್ನು ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಬಸ್ಸು ಹತ್ತಿಸಿದರೆ ಅರ್ಧ ಪಾಠ ಕಿಟಕಿಯಲ್ಲೇ ಮುಗಿಯುತ್ತದೆ. ತಪ್ಪಲಲ್ಲಿ ಜಾಲಿ, ಕಾರೆ, ಕಗ್ಗಲಿಯ ಮುಳ್ಳುಕುರುಚಲು. ಸ್ವಲ್ಪ ಮೇಲೆ ದಿಂಡಿಗ, ಮತ್ತಿ, ಹೊನ್ನೆಗಳ ಎಲೆಯುದುರುವ ಕಾಡು. ಇನ್ನೂ ಏರಿದರೆ ನಿತ್ಯಹಸಿರು. ನೆತ್ತಿಯಲ್ಲಿ ಹುಲ್ಲುಗಾವಲು, ಅದರ ಕಣಿವೆಗಳಲ್ಲಿ ಶೋಲಾ ಎಂಬ ಗಿಡ್ಡಮರಗಳ ಕಾಡು. ತಪ್ಪಲಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಬೀಳುವ ಮಳೆ ನೆತ್ತಿಯ ಕಡೆ 3000 ಮುಟ್ಟುವುದೇ ಇದಕ್ಕೆಲ್ಲ ಕಾರಣ. ಗುಂಡ್ಲುಪೇಟೆ ಕಡೆಯ ಬಂಡೀಪುರದಲ್ಲೂ ಹಾಗೆಯೇ: ಪೂರ್ವಕ್ಕೆ ಒಣ ಕುರುಚಲು, ಮೂಲೆಹೊಳೆ ದಾಟಿ ವಯನಾಡಿನತ್ತ ಸರಿದಂತೆ ತೇವದ ಕಾಡು.

1968ರಲ್ಲಿ ಅರಣ್ಯಶಾಸ್ತ್ರಜ್ಞರಾದ ಚಾಂಪಿಯನ್ ಮತ್ತು ಸೇಠ್ ದೇಶದ ಕಾಡುಗಳನ್ನು 16 ಬಗೆಯಾಗಿ ವಿಂಗಡಿಸಿದ್ದು ಇದೇ ನಂಬಿಕೆಯ ಮೇಲೆ. ಮಳೆ ಎಷ್ಟು, ಸೆಕೆ ಎಷ್ಟು ಎಂದು ಗೊತ್ತಾದರೆ ಕಾಡು ಯಾವುದೆಂದು ಊಹಿಸಬಹುದು. ಈ ಕಾಡುಗಳಿರುವ ಚಾಮರಾಜನಗರ ಜಿಲ್ಲೆಯಲ್ಲಿ ಆ ಲೆಕ್ಕ ತಪ್ಪತೊಡಗಿದೆ. ತಲೆಯೆತ್ತಿ ನೋಡಿದರೆ ಮರಗಳು ಬೇರೆ ಬೇರೆ. ತಲೆತಗ್ಗಿಸಿದರೆ ಎಷ್ಟೋ ಕಡೆ ಒಂದೇ ಪೊದೆ: ಲಂಟಾನ.

ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಉಳಿದದ್ದನ್ನು ಪಿಕಳಾರಗಳು ನೋಡಿಕೊಂಡವು. ಹಣ್ಣು ತಿಂದು ಬೀಜ ಉದುರಿಸುವುದರಲ್ಲಿ ಅವುಗಳನ್ನು ಮೀರಿಸುವವರಿಲ್ಲ. ಬಿಳಿಗಿರಿ ಬೆಟ್ಟದಲ್ಲಿ ಇದು ಹಬ್ಬಿದ ವೇಗಕ್ಕೆ ಖಚಿತ ಅಳತೆಯಿದೆ. ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1997ರಲ್ಲಿ ಸಮೀಕ್ಷೆಯ ತುಂಡುಗಳಲ್ಲಿ ಶೇ. 41ರಷ್ಟರಲ್ಲಿ ಲಂಟಾನ ಇತ್ತು. 2008ರಲ್ಲಿ ಅದೇ ಕಾಡಿನಲ್ಲಿ ಶೇ. 81. ನನಗೆ ಇದಕ್ಕಿಂತ ದಿಗಿಲು ಹುಟ್ಟಿಸುವುದು ಇನ್ನೊಂದು ಅಂಕಿ: 1997ರಲ್ಲಿ ಎಣಿಸಿದ 20 ಕಾಂಡಗಳಲ್ಲಿ ಒಂದು ಲಂಟಾನದ್ದಾಗಿದ್ದರೆ, 11 ವರ್ಷಗಳ ನಂತರ ಮೂರರಲ್ಲಿ ಒಂದು. ಇಡೀ ದೇಶದ ಹುಲಿಕಾಡುಗಳಲ್ಲಿ ಇದು ಸುಮಾರು 1,54,000 ಚದರ ಕಿ.ಮೀ. ಆವರಿಸಿದೆ ಎಂದು 2020ರ ಮತ್ತೊಂದು ಅಧ್ಯಯನ ಅಂದಾಜಿಸಿತು.

ಅಪಾಯ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಲಂಟಾನ ದೊಡ್ಡ ಮರವನ್ನು ಕೊಲ್ಲುವುದಿಲ್ಲ. ಮರದ ಬುಡದಲ್ಲಿ ಬಿದ್ದ ಬೀಜ ಮೊಳೆತು ಮೇಲೇಳದಂತೆ ನೆರಳು ಕವಿಸುತ್ತದೆ. ಉಪಗ್ರಹದ ಚಿತ್ರಕ್ಕೆ ಕಾಣುವುದು ಮೇಲ್ಚಾವಣಿ; ಊಟಿ ರಸ್ತೆಯಲ್ಲಿ ಕಾರಿನಲ್ಲಿ ಹೋಗುವವರಿಗೆ ಕಾಣುವುದೂ ಹಸಿರೇ. ಬರೀ ಅಜ್ಜ ಅಜ್ಜಿಯರಿರುವ ಊರಿನ ಜನಗಣತಿಯಂತೆ, ಇವತ್ತಿನ ತಲೆ ಎಣಿಕೆ ಸರಿಯಾಗಿಯೇ ಇರುತ್ತದೆ. ಈಗ ನಿಂತಿರುವ ಮತ್ತಿ, ಹೊನ್ನೆ, ನೆಲ್ಲಿ ಮರಗಳು ಒಂದೊಂದಾಗಿ ಉರುಳುವ ದಶಕಗಳಲ್ಲಿ ಅವುಗಳ ಜಾಗಕ್ಕೆ ಬರುವವರು ಯಾರು ಎಂಬುದು ಪ್ರಶ್ನೆ. ಈಗಿನ ಗತಿ ಮುಂದುವರಿದರೆ, ಎಲೆಯುದುರುವ ಕಾಡು ಎಂದು ನಕ್ಷೆಯಲ್ಲಿ ಬಣ್ಣ ಹಚ್ಚಿದ ಎಷ್ಟೋ ಜಾಗ ಅಲ್ಲೊಂದು ಇಲ್ಲೊಂದು ಮರವಿರುವ ಪೊದೆಗಾಡಾಗುತ್ತದೆ.

ಬೆಂಕಿಯ ವಿಷಯ ಇನ್ನೂ ತೊಡಕಿನದು. ಬಿಳಿಗಿರಿ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು ಹಿಂದೆ ಬೇಸಿಗೆ ಕಾಯುವ ಮೊದಲೇ ತರಗುಬೆಂಕಿ ಹಾಕುತ್ತಿದ್ದರು: ನೆಲದ ತರಗೆಲೆ ಮಾತ್ರ ಸುಡುವ, ಮೊಣಕಾಲೆತ್ತರ ಮೀರದ ಬೆಂಕಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಎಳೆಯ ಲಂಟಾನವನ್ನೂ ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯನ್ನೂ ಹದ್ದುಬಸ್ತಿನಲ್ಲಿಟ್ಟದ್ದು ಆ ಬೆಂಕಿಯೇ ಎಂಬುದು ಅವರ ವಾದ. ನೆಲ್ಲಿ ಮರಗಳು ಕುಗ್ಗುತ್ತಿರುವುದಕ್ಕೆ ಸಂಶೋಧಕರು ಮೊದಮೊದಲು ನೆಲ್ಲಿಕಾಯಿ ಕೀಳುವವರ ಕೈಯನ್ನೇ ಅನುಮಾನಿಸಿದ್ದರು. ಬರಬರುತ್ತ ಬಂದಳಿಕೆ ಮತ್ತು ಲಂಟಾನದ ಕಡೆ ಬೊಟ್ಟು ಮಾಡತೊಡಗಿದರು. ಹಾಗೆಂದು ಈಗ ಕಡ್ಡಿ ಗೀರಿದರೆ ಹಳೆಯ ಕಾಡು ಮರಳುವುದಿಲ್ಲ. ಆಳೆತ್ತರ ಬೆಳೆದು ಒಣಗಿದ ಲಂಟಾನಕ್ಕೆ ಹತ್ತಿದ ಬೆಂಕಿ ಪೊದೆಯ ಮೇಲೇರಿ ಕೊಂಬೆ ಹಿಡಿಯುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಅದನ್ನು ಕಂಡೆವು: ಉಪಗ್ರಹದ ಅಂದಾಜಿನಂತೆ ಹತ್ತು ಸಾವಿರ ಎಕರೆಗೂ ಮಿಕ್ಕ ಕಾಡು ಸುಟ್ಟಿತು, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಬೆಂಕಿ ಆರಿದ ಮೇಲೆ ಬುಡದಿಂದ ಮೊದಲು ಚಿಗುರುವುದರಲ್ಲೂ ಲಂಟಾನವೇ ಮುಂದು.

ಕಾಡಂಚಿನ ಹೊಲದವರಿಗೆ ಈ ಸಸ್ಯಶಾಸ್ತ್ರ ರಾತ್ರಿ ಕಾವಲಿನ ರೂಪದಲ್ಲಿ ತಲುಪುತ್ತದೆ. ಲಂಟಾನ ದಟ್ಟವಾದಷ್ಟೂ ಹುಲ್ಲು ತೆಳುವಾಗುತ್ತದೆ. ಲಂಟಾನದ ಎಲೆ ತಿಂದರೆ ದನಗಳ ಪಿತ್ತಜನಕಾಂಗ ಕೆಡುತ್ತದೆ. ಜಿಂಕೆಗೂ ಕಾಟಿಗೂ ಆನೆಗೂ ಮೇವು ಕುಗ್ಗಿದ ಕಾಡಿನ ಮಗ್ಗುಲಲ್ಲೇ ಗುಂಡ್ಲುಪೇಟೆಯ ಬಾಳೆ, ಜೋಳ, ತರಕಾರಿ ಹೊಲಗಳಿವೆ. ಪ್ರಾಣಿಗಳು ಹೊರಬರಲು ಬೇರೆ ಕಾರಣಗಳೂ ಇವೆ, ನಿಜ. ಆದರೆ ಕಂದಕ ತೋಡಿ ಸೌರಬೇಲಿ ಎಳೆಯುವಾಗ ಬೇಲಿಯ ಆಚೆ ಹುಲ್ಲು ಎಷ್ಟಿದೆ ಎಂದು ಕೇಳುವವರು ಕಡಿಮೆ.

ಕೀಳುವ ವಿಧಾನ ಗೊತ್ತಿಲ್ಲದ್ದೇನಲ್ಲ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ತೋರಿಸಿದಂತೆ, ನೆಲದ ಮಟ್ಟಕ್ಕೆ ಕಡಿಯದೆ ಮಣ್ಣಿನೊಳಗೆ ಚಿಗುರುವ ಭಾಗದ ಕೆಳಗೆ ತಾಯಿಬೇರು ಕತ್ತರಿಸಿ, ಬುಡ ಮೇಲಾಗಿ ಮಗುಚಿಡಬೇಕು. ಮಲೆ ಮಹದೇಶ್ವರ ಬೆಟ್ಟದಲ್ಲಿ ಇದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವವರಿದ್ದಾರೆ. ಒಳ್ಳೆಯ ಕಸುಬು, ಆದರೆ ಕುರ್ಚಿ ಮಾರಿ ಕಾಡು ತೆರವಾಗದು. ಕಿತ್ತಮೇಲೂ ಕೆಲವು ವರ್ಷ ಬಿಡದೆ ಮರಿಗಿಡ ಆಯಬೇಕು, ಹುಲ್ಲು ಕುದುರಬೇಕು. ಬರಿದಾದ ನೆಲ ಖಾಲಿ ಕೂರುವುದಿಲ್ಲ. ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್, ಅದೂ ಅಮೆರಿಕದಿಂದ ಅಲಂಕಾರಕ್ಕೆಂದೇ ಬಂದದ್ದು, ವಯನಾಡಿನಲ್ಲಿ ಹಬ್ಬಿ ಬಂಡೀಪುರದೊಳಗೂ ಕಾಲಿಟ್ಟಿದೆ. ಲಂಟಾನ ಪೊದೆ, ಇದು ಮರ. ಸಸಿಯಾಗಿದ್ದಾಗ ಮಳೆಗಾಲದ ಹಸಿಮಣ್ಣಿನಲ್ಲಿ ಬೇರುಸಹಿತ ಕೈಯಲ್ಲೇ ಕೀಳಬಹುದು. ಕಾಂಡ ಬಲಿತ ಮೇಲೆ ಕಡಿದಷ್ಟೂ ಚಿಗುರುತ್ತದೆ.