ಇಂಜಿನ್ ಮುಚ್ಚುವ ಮೊದಲೇ ಟರ್ಬೊ ಲೆಕ್ಕ ಹಾಕಿ

ಹೈನುಗಾರ ಸಹೋದರಿಯರೇ,

ಹಾಲಿನ ಕ್ಯಾನು, ಹುಲ್ಲು, ಪಶು ಆಹಾರದ ಮೂಟೆ ಸಾಗಿಸಲು ಟಾಟಾ 407ರಂಥ ಗಾಡಿ ಇಟ್ಟುಕೊಂಡ ಮನೆಗಳು ನಮ್ಮಲ್ಲಿವೆ. ಗಾಡಿ ಯಾರ ಹೆಸರಿನಲ್ಲೇ ಇರಲಿ, ಎಷ್ಟೋ ಕಡೆ ಅದರ ಕಂತು ಹೋಗುವುದು ನಿಮ್ಮ ಹಾಲಿನ ಬಟವಾಡೆಯಿಂದ. ಹಾಗಾಗಿ ಇಂಜಿನ್ ಕೆಲಸಕ್ಕೆ ಬಂದಾಗ ಗ್ಯಾರೇಜಿನ ಮಾತುಕತೆಯಲ್ಲಿ ನೀವೂ ಇರಬೇಕು.

ಆಯಿಲ್ ಬೇಗ ಖಾಲಿಯಾಗುವುದು, ನೀಲಿ ಹೊಗೆ, ಬೆಳಿಗ್ಗೆ ಸ್ಟಾರ್ಟ್ ಆಗದಿರುವುದು, ದಿಣ್ಣೆ ಏರದಿರುವುದು ಇಂಜಿನ್ ಸವೆದಿರುವ ಲಕ್ಷಣಗಳು. ಆಗ ಮೆಕ್ಯಾನಿಕ್ ಬೋರಿಂಗ್ ಮಾಡಿಸಿ ಎನ್ನುತ್ತಾರೆ. ಕೆಲವೊಮ್ಮೆ "ಹೇಗೂ ಬಿಚ್ಚಿದ್ದೇವೆ, ಟರ್ಬೊ ಕೂರಿಸಿಬಿಡೋಣ" ಎಂಬ ಮಾತೂ ಬರುತ್ತದೆ.

ಟರ್ಬೊ ಮಾಡುವುದೇನು?

ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ಚಕ್ರ ಇಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಗಾಳಿ ಹೆಚ್ಚಾದರೆ ಹೆಚ್ಚು ಡೀಸೆಲ್ ಉರಿಸಬಹುದು, ಶಕ್ತಿ ಹೆಚ್ಚುತ್ತದೆ. ಜೊತೆಗೆ ಬಿಸಿ ಮತ್ತು ಒತ್ತಡವೂ ಹೆಚ್ಚುತ್ತವೆ. ಹಸುವಿಗೆ ಒಂದೇ ದಿನ ಹಿಂಡಿ ಹೆಚ್ಚಿಸಿದರೆ ಹಾಲು ಹೆಚ್ಚುವ ಬದಲು ಹೊಟ್ಟೆ ಕೆಡುತ್ತದೆ. ಇಂಜಿನ್ನಿಗೂ ಒಳಗಿನ ತಯಾರಿ ಮೊದಲು ಬೇಕು.

ಕೆಲಸಕ್ಕೆ ಒಪ್ಪುವ ಮುನ್ನ ಕೇಳಿ

• ಇಂಜಿನ್ ಕೋಡ್ ಏನು? ಟಾಟಾದ 497 ಎಂದರೆ 4 ಸಿಲಿಂಡರ್, 97 ಮಿ.ಮೀ. ಬೋರ್, 697 ಎಂದರೆ 6 ಸಿಲಿಂಡರ್. 'ಟಿಸಿ' ಎಂದಿದ್ದರೆ ಟರ್ಬೊ, 'ಟಿಸಿಐಸಿ' ಎಂದಿದ್ದರೆ ಟರ್ಬೊ ಜೊತೆ ಇಂಟರ್‌ಕೂಲರ್. ಬಿಡಿಭಾಗ ಕೊಳ್ಳುವಾಗ ಕೋಡ್ ನೋಡಿಯೇ ಕೊಳ್ಳಿ.

• ಪಿಸ್ಟನ್, ರಿಂಗ್, ಬೇರಿಂಗ್, ಹೆಡ್ ಗ್ಯಾಸ್ಕೆಟ್ ಟರ್ಬೊ ಒತ್ತಡ ತಾಳುವಂಥವೇ? ಈಗ ಸಾದಾ ಪಿಸ್ಟನ್ ಹಾಕಿಸಿ ಮುಂದಿನ ವರ್ಷ ಟರ್ಬೊ ಎಂದರೆ ಮತ್ತೆ ಇಂಜಿನ್ ಬಿಚ್ಚಬೇಕಾಗುತ್ತದೆ, ಖರ್ಚು ಎರಡು ಸಲ.

• ಟರ್ಬೊಗೆ ಆಯಿಲ್ ಎಲ್ಲಿಂದ ಬರುತ್ತದೆ, ಎಲ್ಲಿಗೆ ವಾಪಸ್ ಹೋಗುತ್ತದೆ? ಅದರ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟಬಲ್ಲದು. ಆಯಿಲ್ ತಪ್ಪಿದರೆ ಕ್ಷಣದಲ್ಲಿ ಕೆಡುತ್ತದೆ.

• ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಇದೆಯೇ? ರೇಡಿಯೇಟರ್ ಸಾಲುತ್ತದೆಯೇ?

• ಡೀಸೆಲ್ ಪಂಪ್ ಸೆಟ್ಟಿಂಗ್ ಯಾರು ಮಾಡುತ್ತಾರೆ? ಡೀಸೆಲ್ ಮಿತಿಮೀರಿದರೆ ಕಪ್ಪು ಹೊಗೆ ಬರುತ್ತದೆ, ಪಿಸ್ಟನ್ ಕರಗುವಷ್ಟು ಬಿಸಿಯೂ ಆಗಬಹುದು.

• ಕ್ಲಚ್, ಗೇರ್‌ಬಾಕ್ಸ್ ಹೆಚ್ಚಿನ ಶಕ್ತಿಯನ್ನು ತಡೆಯುತ್ತವೆಯೇ?

ಕಾಗದಪತ್ರ ಮರೆಯಬೇಡಿ

ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಟರ್ಬೊ ಹಾಕಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ. ಅನುಮತಿ ಇಲ್ಲದ ಮಾರ್ಪಾಡು ಅಪಘಾತವಾದಾಗ ಪರಿಹಾರಕ್ಕೆ ಅಡ್ಡಿಯಾಗಬಹುದು.

ನಿಮಗೆ ಬೇಕೇ?

ಬಯಲು ರಸ್ತೆಯಲ್ಲಿ ಮಿತವಾದ ಹೊರೆಗೆ ಮೊದಲಿದ್ದಂತೆಯೇ ಇಂಜಿನ್ ಸರಿಪಡಿಸಿಕೊಂಡರೆ ಸಾಕು. ಮೊದಲು ಹತ್ತುತ್ತಿದ್ದ ದಿಣ್ಣೆಯನ್ನು ಈಗ ಹತ್ತದಿದ್ದರೆ ಕಾರಣ ಸವೆತವೇ ಇರಬಹುದು. ಒಳ್ಳೆಯ ಬೋರಿಂಗ್‌ನಿಂದ ಅದು ಸರಿಹೋಗುತ್ತದೆ. ದಿನವೂ ಘಟ್ಟದ ರಸ್ತೆಯಲ್ಲಿ ತುಂಬಿದ ಗಾಡಿ ಓಡಿಸುವವರು ಮಾತ್ರ ಟರ್ಬೊ ಯೋಚಿಸಲಿ. ಟರ್ಬೊ ಹಾಕಿದ ಮಾತ್ರಕ್ಕೆ ಹೆಚ್ಚು ಹೊರೆ ಹೇರಲು ಪರವಾನಗಿ ಸಿಗುವುದಿಲ್ಲ, ಬ್ರೇಕಿನ ಶಕ್ತಿಯೂ ಹೆಚ್ಚುವುದಿಲ್ಲ.

ಸಾದಾ ಕೆಲಸಕ್ಕೆ ಒಂದು, ಟರ್ಬೊ ಸಮೇತ ಒಂದು, ಹೀಗೆ ಎರಡು ಅಂದಾಜು ಪಟ್ಟಿ ಬರೆಸಿಕೊಳ್ಳಿ. ಗಾಡಿ ಎಷ್ಟು ದಿನ ನಿಲ್ಲುತ್ತದೆ ಎಂದು ಕೇಳಿ, ಅಷ್ಟೂ ದಿನ ಹಾಲು ಸಾಗಿಸಲು ಬದಲಿ ಗಾಡಿ ಗೊತ್ತುಮಾಡಿಕೊಳ್ಳಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ನೋಡಿ. ಟರ್ಬೊ ಹಾಕಿಸಿದರೆ, ಹೊರೆ ಹೊತ್ತು ಬಂದ ಗಾಡಿಯನ್ನು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡುವಂತೆ ಡ್ರೈವರಿಗೆ ತಿಳಿಸಿ.