ಮರಳ ದಾರಿ, ಕಡಲ ದಾರಿ

ಬೆಳಗಾವಿಯ ವಡಗಾವಿ-ಮಾಧವಪುರದಲ್ಲಿ ನೆಲವನ್ನು ಅಗೆದಾಗ ಹೊರಬಿದ್ದ ನಗರವು ಶಾತವಾಹನರ ಕಾಲದ್ದು. ಅದೇ ಶತಮಾನಗಳಲ್ಲಿ ರೋಮಿನ ನಾಣ್ಯಗಳು ಕನ್ನಡ ನಾಡಿನ ಒಳಭಾಗದವರೆಗೂ ಸಂಚರಿಸಿದುವೆಂಬುದಕ್ಕೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೇ ಸಾಕ್ಷಿ. ಆದರೆ ಆ ನಾಣ್ಯಗಳನ್ನು ತಂದ ರೋಮಿನ ಹಡಗುಗಳು ನಮ್ಮ ಪಡುಗಡಲಿಗೆ ಬಂದುದು ಇಟಲಿಯಿಂದಲ್ಲ, ಈಜಿಪ್ತಿನ ಕೆಂಗಡಲ ತೀರದ ಬೆರೆನಿಕೆಯಂತಹ ರೇವುಗಳಿಂದ, ಎಂದರೆ ಆಫ್ರಿಕದ ಹೊಸ್ತಿಲಿನಿಂದ, ಎಂಬುದನ್ನು ನಾವು ಮರೆಯುತ್ತೇವೆ.

ಆ ಆಫ್ರಿಕವಾದರೂ ಒಂದೇ ಬಣ್ಣದ, ಒಂದೇ ಕುಲದ ನಾಡಾಗಿರಲಿಲ್ಲ. ಲಿಬಿಯದ ಲೆಪ್ಟಿಸ್ ಮ್ಯಾಗ್ನದಲ್ಲಿ ಜನಿಸಿದ ಸೆಪ್ಟಿಮಿಯಸ್ ಸೆವೆರಸ್ 193ರಲ್ಲಿ ರೋಮಿನ ಸಾಮ್ರಾಟನಾದನು. ಬ್ರಿಟನ್ನಿನ ಉತ್ತರದ ಗಡಿಗೋಡೆಯ ಬಳಿ ಉತ್ತರ ಆಫ್ರಿಕದ ಮೌರ ಸೈನಿಕರ ದಳವೊಂದು ಕಾವಲಿದ್ದುದನ್ನು ಅಲ್ಲಿಯ ಶಾಸನವು ಹೇಳುತ್ತದೆ. ಲೆಪ್ಟಿಸ್‌ಗಿಂತ ಇನ್ನೂ ದಕ್ಷಿಣಕ್ಕೆ, ಸಹರಾದ ನಡುವೆ ಫೆಜ್ಜಾನಿನಲ್ಲಿ, ಗರಮಂತರೆಂಬ ಜನ ನಮ್ಮ ಬೀದರಿನ ಕರೇಜನ್ನು ನೆನಪಿಗೆ ತರುವ ಸುರಂಗ ಕಾಲುವೆಗಳಿಂದ ನೆಲದಡಿಯ ನೀರನ್ನು ತೆಗೆದು, ಗೋಧಿ, ಖರ್ಜೂರಗಳನ್ನು ಬೆಳೆದು, ಗರಮ ಎಂಬ ರಾಜಧಾನಿಯನ್ನು ಕಟ್ಟಿದ್ದರು. ರೋಮಿನ ಗಾಜು, ಮಡಕೆ, ಎಣ್ಣೆ, ದ್ರಾಕ್ಷಾರಸಗಳು ಮರುಭೂಮಿಯನ್ನು ದಾಟಿ ಅವರ ಮನೆಗಳನ್ನು ಸೇರುತ್ತಿದ್ದುವು. ಮರುಭೂಮಿಯೆಂದರೆ ಗೋಡೆಯೆಂದು ಭಾವಿಸುವವರಿಗೆ ಇದು ವಿಸ್ಮಯವೆನಿಸೀತು. ಕಡಲನ್ನು ಬಲ್ಲ ನಮ್ಮವರಿಗೆ ಹಾಗೆ ಅನಿಸಬೇಕಾದುದಿಲ್ಲ.

ಬೆಳಗಾವಿ ಜಿಲ್ಲೆಯ ಖಾನಾಪುರದ ಅಡವಿಯಂಚಿನಲ್ಲಿರುವ, ಆಫ್ರಿಕ ಮೂಲದ ಸಿದ್ದಿಗಳನ್ನು ಕಂಡೊಡನೆ ಈ ಕಥೆಗೆ ಅವರನ್ನು ಜೋಡಿಸುವ ಆಸೆ ಹುಟ್ಟುವುದುಂಟು. ಅದು ಸಲ್ಲದು. ಅವರ ಪೂರ್ವಜರು ರೋಮಿನ ಕಾಲದವರಲ್ಲ. ಬಹುಮಟ್ಟಿಗೆ ಪೋರ್ಚುಗೀಸರ ಕಾಲದಲ್ಲಿ, ಗುಲಾಮಗಿರಿಯ ಹಡಗುಗಳಲ್ಲಿ, ಗೋವೆಯ ಮೂಲಕ ಬಂದವರು. 2011ರ ವಂಶವಾಹಿ ಅಧ್ಯಯನವು ಅವರಲ್ಲಿ ಆಫ್ರಿಕದ ಬಾಂಟು ಮೂಲದೊಡನೆ ಭಾರತೀಯ ರಕ್ತವೂ ಬೆರೆತಿರುವುದನ್ನು ತೋರಿಸಿತು. ಅವರಲ್ಲಿ ಹಿಂದೂಗಳುಂಟು, ಕ್ರೈಸ್ತರುಂಟು, ಮುಸಲ್ಮಾನರುಂಟು. ಕೊಂಕಣಿ, ಕನ್ನಡ, ಮರಾಠಿಗಳನ್ನಾಡುತ್ತಾರೆ. ಡಮಾಮಿ ಎಂಬ ವಾದ್ಯದ ಸದ್ದಿಗೆ ಕುಣಿಯುತ್ತಾರೆ. ಸಂಗೊಳ್ಳಿ ರಾಯಣ್ಣನ ಪಡೆಯಲ್ಲಿ ಹೋರಾಡಿದ ಗಜವೀರನು ಸಿದ್ದಿಯೆಂದು ಜನ ನೆನೆಯುತ್ತಾರೆ. ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವೂ ಇದೇ ಖಾನಾಪುರ ತಾಲ್ಲೂಕಿನದು.

ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿಯೇ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಅದೇ ಅಡವಿಯ ಈಚೆಯ ಮಗ್ಗುಲಿನಲ್ಲಿದ್ದ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು.