ಎಲ್ಲವನ್ನೂ ಹೊರಗೆ ಸುರಿದು ಬೇಕಾದ್ದನ್ನು ಬಾಚಿಕೊಳ್ಳುವ ಕಿಡ್ನಿ!

ಎಲ್ಲಿ, ಒಂದು ಲೆಕ್ಕ ಹೇಳಿ ನೋಡೋಣ! ನಿಮ್ಮ ಎರಡು ಕಿಡ್ನಿಗಳು ಸೇರಿ ದಿನಕ್ಕೆ ಎಷ್ಟು ದ್ರವ ಸೋಸುತ್ತವೆ?

ಎರಡು ಲೀಟರ್? ಹತ್ತು? ಊಹೂಂ. ಐವತ್ತು? ಸಾಲದು, ಇನ್ನೂ ಮೇಲೆ ಹೋಗಿ!

ಉತ್ತರ ಆಮೇಲೆ. ಮೊದಲು ಇವುಗಳ ಗತ್ತು ನೋಡಿ. ಗಾತ್ರ ಮುಷ್ಟಿಯಷ್ಟು. ಒಂದೊಂದರ ತೂಕ ಸುಮಾರು 150 ಗ್ರಾಂ. ಆದರೂ ಹೃದಯ ತಳ್ಳುವ ರಕ್ತದಲ್ಲಿ ಐದನೇ ಒಂದು ಪಾಲು ನೇರ ಇಲ್ಲಿಗೇ ಬರಬೇಕು! ಒಂದೊಂದರೊಳಗೂ ನೆಫ್ರಾನ್ ಎಂಬ ಸೋಸುವ ನಳಿಕೆಗಳು, ಸುಮಾರು 10 ಲಕ್ಷ!

ಈಗ ಕೇಳಿ. ದಿನಕ್ಕೆ 180 ಲೀಟರ್!

ಮೂತ್ರವಾಗಿ ಹೊರಹೋಗುವುದು ಒಂದೂವರೆ ಲೀಟರೋ ಎರಡೋ. ಮಿಕ್ಕಿದ್ದು?

ವಾಪಸ್ಸು ರಕ್ತಕ್ಕೆ! ಕಿಡ್ನಿ ಕಸವನ್ನು ಹುಡುಕಿ ಹುಡುಕಿ ಹೊರಹಾಕುತ್ತದೆ ಅಂದುಕೊಂಡಿದ್ದಿರಾ? ಪೂರಾ ಉಲ್ಟಾ! ಯುಗಾದಿಗೆ ಮನೆ ತೊಳೆಯುವಾಗ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ, ಬೇಕಾದ್ದನ್ನಷ್ಟೇ ಒಳಗೆ ತರುತ್ತೀರಲ್ಲ, ಥೇಟ್ ಹಾಗೆ. ರಕ್ತಕಣಗಳೂ ದೊಡ್ಡ ಪ್ರೋಟೀನುಗಳೂ ಕದಲುವುದಿಲ್ಲ. ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲ ಆಚೆಗೆ! ಆಮೇಲೆ ಶುರು ಆಯ್ಕೆ. ಆರೋಗ್ಯವಂತರಲ್ಲಿ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಒಳಕ್ಕೆ. ನೀರು ನೂರಕ್ಕೆ 99 ಪಾಲು ಒಳಕ್ಕೆ. ಉಪ್ಪೋ, ದಿನಕ್ಕೆ ಒಂದು ಕಿಲೋಗೂ ಹೆಚ್ಚು ಸೋಸಿಹೋಗಿ, ಕೆಲವೇ ಗ್ರಾಂ ಬಿಟ್ಟು ಉಳಿದದ್ದೆಲ್ಲ ಮರಳುತ್ತದೆ!

ಇದೆಂಥ ದುಂದು ಎನ್ನಬೇಡಿ. ಇದರಲ್ಲೊಂದು ಮಹಾ ಜಾಣತನವಿದೆ. ದೇಹ ಹಿಂದೆಂದೂ ಕಾಣದ ವಸ್ತು ರಕ್ತಕ್ಕೆ ಸೇರಿತೆನ್ನಿ. ಅದನ್ನು ಗುರುತು ಹಿಡಿಯುವ ಗೋಜೇ ಇಲ್ಲ! ಸೋಸಿ ಆಚೆ ಬಿದ್ದರೆ ಸರಿ. ವಾಪಸ್ಸು ಕರೆಯುವವರಿಲ್ಲದ ಎಷ್ಟೋ ವಸ್ತುಗಳು ತಾವಾಗಿಯೇ ಮೂತ್ರದ ದಾರಿ ಹಿಡಿಯುತ್ತವೆ.

ಇಷ್ಟಕ್ಕೇ ಮುಗಿಯಿತೇ? ಎಲ್ಲಿ ಬಂತು! ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಅದನ್ನು ಪತ್ತೆಹಚ್ಚುವುದೂ ಇದೇ ಕಿಡ್ನಿ. ತಕ್ಷಣ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು ಹೊರಡುತ್ತದೆ. ಮೂಳೆಯೊಳಗಿನ ಮಜ್ಜೆಗೆ ಅಪ್ಪಣೆ: ಕೆಂಪು ರಕ್ತಕಣ ಹೆಚ್ಚಿಸು! ಆ ಮಜ್ಜೆ ಮಾಮೂಲು ದಿನಗಳಲ್ಲೇ ಎಷ್ಟು ತಯಾರಿಸುತ್ತದೆ ಗೊತ್ತೇ? ಸೆಕೆಂಡಿಗೆ ಸುಮಾರು 20 ಲಕ್ಷ! ನಿಮಿಷಕ್ಕಲ್ಲ ಸ್ವಾಮಿ, ಸೆಕೆಂಡಿಗೆ!

ಕೊನೆಯದೊಂದು ಪ್ರಶ್ನೆ. 1954ರ ಡಿಸೆಂಬರಿನಲ್ಲಿ ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ತಂಡ ಅವಳಿ ಸಹೋದರರಲ್ಲಿ ಒಬ್ಬನ ಕಿಡ್ನಿಯನ್ನು ಇನ್ನೊಬ್ಬನಿಗೆ ಜೋಡಿಸಿ ಗೆದ್ದಿತು. ಇವತ್ತಿಗೂ ಕಸಿ ಮಾಡಿದ ಕಿಡ್ನಿ ಸಾಮಾನ್ಯವಾಗಿ ಕೂರುವುದು ಬೆನ್ನ ಕಡೆಯಲ್ಲ, ಕಿಬ್ಬೊಟ್ಟೆಯಲ್ಲಿ! ಹಳೆಯವನ್ನು ಬಹುಪಾಲು ತೆಗೆಯುವುದೇ ಇಲ್ಲ. ಹಾಗಾದರೆ ಕಸಿ ಮಾಡಿಸಿಕೊಂಡವರ ಹೊಟ್ಟೆಯಲ್ಲಿ ಎಷ್ಟು ಕಿಡ್ನಿ?

ಮೂರು!